ಲಾಂದ್ರದ ಹಿಂದೆ ನಡೆದವರು

ನನ್ನ ಜೀವಮಾನದಲ್ಲಿ ನಾನು ನೂರಾ ಹದಿನೆಂಟು ದೆವ್ವಗಳನ್ನು ಮುಖಾಮುಖಿ ಕಂಡಿದ್ದೇನೆ. ಅವುಗಳಲ್ಲಿ ಒಂದು ನನ್ನ ಬೆಂಕಿಪೊಟ್ಟಣ ಇಸಕೊಂಡು ಹೋಗಿದ್ದು ಇನ್ನೂ ವಾಪಸ್ ಕೊಟ್ಟಿಲ್ಲ. ಇನ್ನೊಂದಕ್ಕೆ ನಾನೇ ಮುಂದೆ ನಿಂತು ಹೆಣ್ಣು ನೋಡಿ ಮದುವೆ ಮಾಡಿಸಿದೆ.

ಸುಳ್ಳು. ಹಾಗೆ ದುರುಗುಟ್ಟಿ ನೋಡಬೇಡಿ, ಒಪ್ಪಿಕೊಂಡೆನಲ್ಲ. ಒಂದೇ ಒಂದನ್ನೂ ನೋಡಿಲ್ಲ. ಈಗ ಹೇಳುವುದರಲ್ಲೂ ಯಾರೂ ಏನನ್ನೂ ನೋಡಲಿಲ್ಲ... ಒಬ್ಬ ಅಜ್ಜಿಯನ್ನು ಬಿಟ್ಟು. ಇದು ನನ್ನ ಚಿಕ್ಕಮ್ಮನ ಮಗನಿಗೆ ಆದದ್ದು. ಕುರ್ಚಿ ಸ್ವಲ್ಪ ಹತ್ತಿರ ಎಳೆದುಕೊಳ್ಳಿ. ಜೋರಾಗಿ ಹೇಳುವಂಥದ್ದಲ್ಲ.

ರಾತ್ರಿ ಒಂಬತ್ತೂವರೆ. ಇಬ್ಬರು ಒಂದು ಹಳೇ ಬಾವಿ ದಾಟುತ್ತಿದ್ದರು. ಮುಂದೆ ಲಾಂದ್ರ ಹಿಡಿದು ಕಂಪೌಂಡರ್... ಅವನೇ ನಮ್ಮ ಚಿಕ್ಕಮ್ಮನ ಮಗ. ಹಿಂದೆ ಕೋಲು ಊರುತ್ತ ಮೇಷ್ಟ್ರು. ಲಾಂದ್ರದ ಹಿಡಿ ಕಿರ್... ಕಿರ್... ಕೋಲಿನ ತುದಿಗೆ ಕಬ್ಬಿಣದ ಬಳೆ, ನೆಲಕ್ಕೆ ತಾಗಿದಾಗ ಟಕ್. ಮೇಷ್ಟ್ರ ಎದೆಯೊಳಗೆ ಒಂದು ಸಣ್ಣ ಸೀಟಿ. ಉಸಿರು ಎಳೆದಾಗ ಸುಂಯ್... ಬಿಟ್ಟಾಗ ಇನ್ನೂ ಸಣ್ಣಗೆ ಸುಂಯ್.

ಅವರನ್ನು ಬಾವಿಯ ಹತ್ತಿರವೇ ಒಂದು ನಿಮಿಷ ನಿಲ್ಲಿಸೋಣ. ಅವರು ಯಾಕೆ ಹೊರಟರು, ಹೇಗೆ ನಡೆಯುತ್ತಿದ್ದರು ಅನ್ನುವುದು ಗೊತ್ತಿಲ್ಲದೆ ಮುಂದಿನದು ತಲೆಗೆ ಹೋಗುವುದಿಲ್ಲ.

ಅದೊಂದು ಮಿಷನ್ ಠಾಣೆ. ತಗಡಿನ ಚಾವಣಿಯ ಪ್ರಾರ್ಥನಾಲಯ, ಒಂದು ಶಾಲೆ, ಎರಡು ಕೋಣೆಯ ಔಷಧಾಲಯ. ಒಂದು ಕಾಲದಲ್ಲಿ ಅಲ್ಲಿ ಹದಿನಾರು ಜನ ಸೇವೆಗೆ ಇದ್ದರಂತೆ. ನಮ್ಮವನು ಅಲ್ಲಿಗೆ ಬಂದ ಒಂಬತ್ತನೆಯ ವರ್ಷಕ್ಕೆ ನಾಲ್ಕೇ ಜನ ಉಳಿದಿದ್ದರು. ಪಾದ್ರಿ, ಪಾದ್ರಿಯಮ್ಮ, ಮೇಷ್ಟ್ರು, ಇವನು. ಉಳಿದವರಲ್ಲಿ ಕೆಲವರು ತೀರಿಕೊಂಡರು, ಕೆಲವರು ಆರೋಗ್ಯ ಕೆಟ್ಟು ಹೋದರು, ಮಿಕ್ಕವರು ಸುಮ್ಮನೆ ಹೋದರು. ಸುತ್ತಲಿನ ಜನ ಒಳ್ಳೆಯವರೇ. ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು. ಆದರೆ ಔಷಧಾಲಯಕ್ಕೆ ಬರುವ ಹೊತ್ತಿಗೆ ಜ್ವರ ಏಳು ದಿನದ್ದಾಗಿರುತ್ತಿತ್ತು. ಇವನು ಗುಣ ಮಾಡಿದ್ದಕ್ಕಿಂತ ಕಣ್ಣು ಮುಚ್ಚಿಸಿದ್ದೇ ಹೆಚ್ಚು.

ಪ್ರತಿ ಗುರುವಾರ ಸಂಜೆ ಅನ್ಯೋನ್ಯತೆಯ ಕೂಟ. ಕುರ್ಚಿಗಳನ್ನು ದುಂಡಗೆ ಹಾಕಿ ಕೂತು, ಪ್ರತಿಯೊಬ್ಬರೂ ತಮ್ಮ ಎಡಗಡೆ ಕೂತವರಿಗೆ ಒಂದು ಧೈರ್ಯದ ಮಾತು ಹೇಳಬೇಕು. ಹದಿನಾರು ಜನ ಇದ್ದಾಗ ಚೆನ್ನಾಗಿತ್ತು. ನಾಲ್ಕು ಜನಕ್ಕೆ ಬಂದಾಗ ಮಾತು ಮುಗಿದುಹೋಗಿತ್ತು.

"ನಿಮ್ಮ ಕೈಬರಹ ತುಂಬ ಚೆಂದ, ಮೇಷ್ಟ್ರೇ," ಅಂದಿದ್ದ ಇವನು ಒಂದು ಗುರುವಾರ.

"ಹೋದ ವಾರವೂ ಅದನ್ನೇ ಹೇಳಿದೆ ಮಾರಾಯ."

"ಈ ವಾರ ಇನ್ನೂ ಚೆಂದ ಆಗಿದೆ."

ಪಾದ್ರಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಪಾದ್ರಿ ನಗಲಿಲ್ಲ. ಅವರ ಸರದಿ ಬಂದಾಗ ಹೆಂಡತಿಯ ಕಡೆ ತಿರುಗಿ ಬಹಳ ಹೊತ್ತು ಯೋಚಿಸಿ, "ನೀನು... ಇದ್ದೀಯಲ್ಲ," ಅಂದರು. ಅಷ್ಟೇ. ಆಕೆ ನಗು ನಿಲ್ಲಿಸಿದರು.

ಮೇಷ್ಟ್ರಿಗೆ ಅರವತ್ತೆರಡು. ನಮ್ಮವನಿಗೆ ಅವರು ಅಪ್ಪನ ಜಾಗದಲ್ಲಿದ್ದರು, ಅಣ್ಣನ ಹಾಗೆ ರೇಗಿಸುತ್ತಿದ್ದರು. ಇವನು ಕೆಲಸ ಬಿಡುತ್ತೇನೆ ಅಂತ ಪತ್ರ ಬರೆದಿಟ್ಟುಕೊಂಡಿದ್ದು ಅವರೊಬ್ಬರಿಗೇ ಗೊತ್ತು. "ಇನ್ನೊಂದು ಗುರುವಾರ ಇದ್ದು ಹೋಗಪ್ಪ. ಮೂರು ಕುರ್ಚಿ ಹಾಕಿದರೆ ದುಂಡಗೆ ಬರಲ್ಲ," ಅನ್ನುತ್ತಿದ್ದರು. ಹೀಗೆ ಹತ್ತು ಗುರುವಾರ ಎಳೆದಿದ್ದರು.

ಇನ್ನು ನಡೆಯುವ ಪದ್ಧತಿ. ಆ ಠಾಣೆಯವರು ರಾತ್ರಿ ಒಬ್ಬರೇ ಹೋಗುವ ಹಾಗಿಲ್ಲ, ಇಬ್ಬರೇ ಹೋಗಬೇಕು. ಕಾಲುದಾರಿ ಕಿರಿದು. ಮುಂದಿನವರ ಕೈಯಲ್ಲಿ ಲಾಂದ್ರ, ಔಷಧದ ಪೆಟ್ಟಿಗೆ. ಹಿಂದಿನವರು ಆಗಾಗ ಒಂದು ಮಾತು ಹೇಳುತ್ತಿರಬೇಕು: "ನಡಿ, ನಾನಿದ್ದೀನಿ." ಮುಂದಿನವರು ಹಿಂದಕ್ಕೆ ತಿರುಗಬಾರದು. ಮೊದಲು ಇದನ್ನು ಶುರು ಮಾಡಿದವರಿಗೆ ಕಾರಣ ಇತ್ತು. ಮುಂದಿನವನು ಲಾಂದ್ರದ ಸಮೇತ ತಿರುಗಿದರೆ ಬೆಳಕು ಹಿಂದಿನವನ ಕಣ್ಣಿಗೆ ಹೊಡೆದು ಅವನು ಮುಗ್ಗರಿಸುತ್ತಾನೆ. ಅಷ್ಟೇ ವಿಷಯ. ಆದರೆ ನಲವತ್ತು ವರ್ಷದಲ್ಲಿ ಕಾರಣ ಸವೆದು ಪದ್ಧತಿ ಉಳಿಯಿತು. ತಿರುಗಿ ನೋಡುವುದು ಅಂದರೆ ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ ಅಂದಹಾಗೆ ಆಯಿತು. ಹೊಸದಾಗಿ ಬಂದ ಒಬ್ಬ ನರ್ಸಮ್ಮ ಒಮ್ಮೆ ತಿರುಗಿ ನೋಡಿಬಿಟ್ಟು, ಗುರುವಾರದ ಕೂಟದಲ್ಲಿ ಎದ್ದು ನಿಂತು ಅತ್ತು ಕ್ಷಮೆ ಕೇಳಿದ್ದಳಂತೆ.

ಆವತ್ತು ಸಂಜೆ ನದಿಯಾಚೆಯ ಹಾಡಿಯ ಗುಡಿಸಲುಗಳಿಂದ ಒಬ್ಬ ಓಡಿಬಂದ. ಹೆಂಡತಿಗೆ ಹೆರಿಗೆಯಾಗಿ ಮೂರು ದಿನ, ಮೈ ಕೆಂಡ, ಮಾತು ಅಡ್ಡಾದಿಡ್ಡಿ. ಹೇಳಿದವನೇ ನೀರೂ ಕುಡಿಯದೆ ವಾಪಸ್ ಓಡಿದ. ಪಾದ್ರಿ ಜ್ವರದಲ್ಲಿ ಮಲಗಿದ್ದರು.

"ಬೆಳಿಗ್ಗೆ ಹೋಗು," ಅಂದರು ಪಾದ್ರಿಯಮ್ಮ.

"ಬೆಳಿಗ್ಗೆ ಅಂದ್ರೆ ಆಗಲ್ಲಮ್ಮ. ನಾನೊಬ್ಬನೇ ಹೋಗ್ತೀನಿ."

"ಒಬ್ಬನೇ ಹೋಗೋದು ಯಾವಾಗಿಂದ ಶುರುವಾಯ್ತು?" ಅಂತ ಮೇಷ್ಟ್ರು ಕೋಲು ತೆಗೆದುಕೊಂಡರು.

"ನಿಮ್ಮ ಎದೆ ಸೀಟಿ ಹೊಡೀತಿದೆ ಮೇಷ್ಟ್ರೇ."

"ಹೊಡೀಲಿ ಬಿಡು. ದಾರಿ ಬೇಜಾರಾಗಲ್ಲ."

ಇವನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅವನಿಗೆ ಕತ್ತಲೆ ಅಂದರೆ ಭಯ. ಒಂಬತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಪಾದ್ರಿಯಮ್ಮ ಪೆಟ್ಟಿಗೆಯಲ್ಲಿ ಬಾಣಂತಿಯ ಔಷಧದ ಪಕ್ಕದಲ್ಲೇ ಚುಚ್ಚುಮದ್ದಿನ ಎರಡು ಸಣ್ಣ ಗಾಜಿನ ಕೊಳವೆ ಇಟ್ಟರು. ಮೇಷ್ಟ್ರ ಉಸಿರು ಕಟ್ಟಿದರೆ ಚುಚ್ಚಲು.

ಈಗ ಬಾವಿಗೆ ಬನ್ನಿ.

ಕಿರ್... ಟಕ್... ಸುಂಯ್... ಕಿರ್... ಟಕ್...

ಬಾವಿಕಟ್ಟೆ ಅರ್ಧ ಕುಸಿದಿತ್ತು. ಅದನ್ನು ದಾಟಿ ಇಪ್ಪತ್ತು ಹೆಜ್ಜೆ ಆಗಿತ್ತೇನೋ. ಹಿಂದೆ ಟಣ್ ಅಂತ ಒಂದು ಸದ್ದು. ಕಬ್ಬಿಣ ಕಲ್ಲಿಗೆ ಬಿದ್ದ ಸದ್ದು. ಆಮೇಲೆ ಉರುಳಿದ್ದು... ಗರಗರ... ನಿಂತಿತು.

ಇವನೂ ನಿಂತ. ತಿರುಗಲಿಲ್ಲ.

"ಮೇಷ್ಟ್ರೇ?"

ಏನೂ ಇಲ್ಲ.

"ಮೇಷ್ಟ್ರೇ... ಕೋಲು ಬಿತ್ತಾ?"

ಲಾಂದ್ರದೊಳಗೆ ಬತ್ತಿ ಚಿಟಿಚಿಟಿ ಅಂದಿತು. ಇವನ ಕುತ್ತಿಗೆ ಅರ್ಧ ತಿರುಗಿತ್ತು. ಅರ್ಧ. ಗಲ್ಲ ಭುಜದ ಮೇಲೆ ಬಂದಿತ್ತು. ಅಷ್ಟರಲ್ಲಿ...

"ನಡಿ. ನಾನಿದ್ದೀನಿ."

ಹತ್ತಿರದಲ್ಲೇ. ಬೆನ್ನ ಹಿಂದೆಯೇ. ಇವನು ಉಸಿರು ಬಿಟ್ಟು ನಡೆದ.

ಹಾಗೆ ನಡೆಯುವಾಗ ಇವನ ಗಮನಕ್ಕೆ ಬಂತು, ಕೋಲಿನ ಸದ್ದಿಲ್ಲ. ಬಿದ್ದದ್ದನ್ನು ಹುಡುಕಲು ಹೋಗಲಿಲ್ಲ ಪಾಪ, ಅಂದುಕೊಂಡ. ಇನ್ನೂ ಸ್ವಲ್ಪ ಹೋದ ಮೇಲೆ ಗಮನಿಸಿದ, ಎದೆಯ ಸೀಟಿಯೂ ಇಲ್ಲ. ರಾತ್ರಿ ಗಾಳಿ ಅವರಿಗೆ ಒಗ್ಗಿದೆ ಅಂತ ಖುಷಿಪಟ್ಟ. ಖುಷಿ ಪಟ್ಟನಂತೆ! ಇದನ್ನು ನನಗೆ ಹೇಳುವಾಗ ಅವನು ತನ್ನ ಮಂಡಿಯನ್ನು ತಾನೇ ಗುದ್ದಿಕೊಂಡ.

ದಾರಿ ಉದ್ದ. ನಾಲ್ಕು ಮೈಲಿ. ಕತ್ತಲೆಗೆ ಹೆದರಿದವನು ಮಾತಾಡುತ್ತಾನೆ. ಇವನೂ ಶುರು ಮಾಡಿದ, ಪಿಸುದನಿಯಲ್ಲಿ.

"ಮೇಷ್ಟ್ರೇ, ಈ ಸಲ ನಿಜವಾಗ್ಲೂ ಬಿಟ್ಟುಬಿಡ್ತೀನಿ."

"ನಡಿ. ನಾನಿದ್ದೀನಿ."

"ಒಂಬತ್ತು ವರ್ಷದಲ್ಲಿ ಏನಾಯ್ತು ಹೇಳಿ? ಯಾರು ಉಳಿದ್ರು?"

"ನಡಿ. ನಾನಿದ್ದೀನಿ."

"ಪ್ರಾರ್ಥನೆ ಮಾಡುವಾಗ ಆ ಕಡೆ ಯಾರೂ ಇಲ್ಲ ಅನ್ಸುತ್ತೆ ಮೇಷ್ಟ್ರೇ... ನಿಮಗೆ ಅನ್ಸಲ್ವಾ?"

ಸ್ವಲ್ಪ ತಡವಾಯಿತು. ಆಮೇಲೆ ಅದೇ ದನಿ, ಅದೇ ಅಳತೆ.

"ನಡಿ. ನಾನಿದ್ದೀನಿ."

ಇವನಿಗೆ ಕಣ್ಣು ತುಂಬಿ ಬಂತು. ಎಷ್ಟೋ ಗುರುವಾರ ಕುರ್ಚಿಯಲ್ಲಿ ಕೂತು ಸಿಗದ ಧೈರ್ಯ ಆ ಕಾಲುದಾರಿಯಲ್ಲಿ ಸಿಕ್ಕಿತು. ವಾಪಸ್ ಹೋದ ತಕ್ಷಣ ಪತ್ರ ಹರಿದು ಒಲೆಗೆ ಹಾಕಬೇಕು ಅಂದುಕೊಂಡ. ಮೇಷ್ಟ್ರ ಎದುರಿಗೇ ಹಾಕಬೇಕು, ಅವರ ಮುಖ ನೋಡಬೇಕು.

ನದಿ ಬಂತು. ಮೊಣಕಾಲಿನಷ್ಟು ನೀರು. ಚಳಕ್... ಚಳಕ್... ಇವನ ಎರಡು ಕಾಲು. ಆಚೆ ದಡ ಹತ್ತಿ ನಿಂತು, ಹಿಂದಿನವರು ನೀರಿಗೆ ಇಳಿಯುವ ಸದ್ದಿಗೆ ಕಾದ.

ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಚಳಕ್ ಇಲ್ಲ.

ಇವನ ಬೆನ್ನಿಗೆ ಬೆವರು ಬಂತು. ಈಗ ತಿರುಗಬೇಕು ಅನ್ನಿಸಿತು. ತಿರುಗಿದರೆ ಆ ಮುದುಕರು ಏನಂದುಕೊಂಡಾರು? ಎದೆ ಸರಿಯಿಲ್ಲದೆಯೂ ನನಗೋಸ್ಕರ ಬಂದವರು. ಇಷ್ಟು ದೂರ ನಂಬಿ ಬಂದು ಈಗ ಅವಮಾನ ಮಾಡುವುದೇ?

"ಮೇಷ್ಟ್ರೇ... ನದಿ ದಾಟಿದ್ರಾ?"

"ನಡಿ," ಅಂದಿತು ದನಿ, ಕಿವಿಯ ಹಿಂದೆಯೇ. "ನಾನಿದ್ದೀನಿ."

ತಿರುಗಲಿಲ್ಲ.

ಹಾಡಿಯಲ್ಲಿ ಒಂದೇ ಮನೆಯಲ್ಲಿ ದೀಪ ಇತ್ತು. ಬಾಣಂತಿಯ ತಾಯಿ, ಒಬ್ಬ ಅಜ್ಜಿ, ಹೊಸ್ತಿಲಲ್ಲಿ ಕೂತು ದಾರಿ ಕಾಯುತ್ತಿದ್ದಳು. ಇವನು ಬಗ್ಗಿ ಒಳಗೆ ಹೋಗಿ, ಲಾಂದ್ರ ಕೆಳಗಿಟ್ಟ. ಆಗ ತಿರುಗಿದ. ಬಂದು ಮುಟ್ಟಿದ ಮೇಲೆ ತಿರುಗಬಹುದು, ಪದ್ಧತಿಯಲ್ಲಿ ಅದಕ್ಕೆ ಅಡ್ಡಿಯಿಲ್ಲ.

"ಒಳಗೆ ಬನ್ನಿ ಮೇಷ್ಟ್ರೇ."

ಬಾಗಿಲಲ್ಲಿ ಅಜ್ಜಿ ಒಬ್ಬಳೇ.

"ಅವರು ಹೋದ್ರಲ್ಲ," ಅಂದಳು.

"ಎಲ್ಲಿಗೆ?"

"ಬಂದ ದಾರಿಗೆ. ನೀನು ಒಳಗೆ ಕಾಲಿಟ್ಟ ತಕ್ಷಣ." ಅಜ್ಜಿ ದನಿ ತಗ್ಗಿಸಿದಳು. "ಅವರು ಯಾಕಪ್ಪ ಹಾಗೆ ನಡೀತಾರೆ?"

"ಹೇಗೆ?"

"ತಿರುಗಲೇ ಇಲ್ಲ. ಮುಖ ಈ ಕಡೆಗೇ ಇಟ್ಕೊಂಡು... ಹಿಂದೆ ಹಿಂದೆ ನಡ್ಕೊಂಡು ಹೋದ್ರು. ಇಳಿಜಾರಲ್ಲಿ ಒಂದು ಕಲ್ಲಿಗೂ ಎಡವಲಿಲ್ಲ."

"ಮುಖ ನೋಡಿದೆಯಾ ಅಜ್ಜಿ?"

"ಕಾಣಲಿಲ್ಲ. ಬರುವಾಗ ನಿನ್ನ ಬೆನ್ನಿಗೆ ಅಂಟಿಕೊಂಡ ಹಾಗೆ ಬಂದ್ರು, ಹೋಗುವಾಗ ಲಾಂದ್ರ ಒಳಗಿತ್ತಲ್ಲ."

ಒಳಗೆ ಬಾಣಂತಿ ನರಳಿದಳು. ಇವನು ಬಾಗಿಲನ್ನೂ ನೋಡಿದ, ಅವಳನ್ನೂ ನೋಡಿದ. ಓಡಬಹುದಿತ್ತು. ಮಂಡಿ ಊರಿ ಪೆಟ್ಟಿಗೆ ತೆರೆದ. ಬಾಣಂತಿಯ ಔಷಧ ತೆಗೆದು ಚುಚ್ಚಿದ. ಒದ್ದೆ ಬಟ್ಟೆ ಹಾಕಿದ. ಬೆಳಗಿನ ಜಾವ ನಾಲ್ಕಕ್ಕೆ ಅವಳ ಕೈ ಇವನ ಕೈಯೊಳಗೇ ಸಡಿಲಾಯಿತು. ಮಗು ಉಳಿಯಿತು. ಅಜ್ಜಿ ಅದನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಇವನಿಗೆ ಹೇಳಲು ಒಂದು ಮಾತೂ ಬರಲಿಲ್ಲ. ಧೈರ್ಯದ ಮಾತು ಹೇಳಿ ಹೇಳಿ ಅಭ್ಯಾಸವಾದ ಬಾಯಿ, ನೋಡಿ.

ಬೆಳಕು ಹರಿಯುವ ಹೊತ್ತಿಗೆ ಓಡುತ್ತ ವಾಪಸ್ ಬಂದ. ಬಾವಿಗೆ ಇನ್ನೂ ಇನ್ನೂರು ಹೆಜ್ಜೆ ಇರುವಾಗಲೇ, ನದಿಯ ಕಡೆಗೇ, ಹುಡುಕಿಕೊಂಡು ಬಂದ ಪಾದ್ರಿಯಮ್ಮ ದಾರಿಯಲ್ಲೇ ಕೂತಿದ್ದರು. ಮಡಿಲಲ್ಲಿ ಮೇಷ್ಟ್ರ ತಲೆ.

ಕೋಲು ಬಾವಿಯ ಹತ್ತಿರವೇ ಬಿದ್ದಿತ್ತು. ಅಲ್ಲಿಂದ ಇಲ್ಲಿಯವರೆಗೆ ಧೂಳಿನಲ್ಲಿ ಒಂದು ಪಟ್ಟೆ. ಮೈ ಎಳೆದುಕೊಂಡು ಬಂದ ಗುರುತು. ಪ್ಯಾಂಟಿನ ಮಂಡಿ ಹರಿದು, ಮಂಡಿಯೂ ಹರಿದಿತ್ತು. ಉಗುರಿನೊಳಗೆ ಮಣ್ಣು. ಲಾಂದ್ರ ಹೋದ ದಿಕ್ಕಿಗೇ ತೆವಳಿದ್ದರು.

ಕಂಪೌಂಡರ್ ಅಲ್ಲವೇ, ಕೈ ತನ್ನಷ್ಟಕ್ಕೆ ಹೋಯಿತು. ಕತ್ತು ಮುಟ್ಟಿದ. ಕಂಕುಳಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು.

"ಏನು?" ಅಂದರು ಪಾದ್ರಿಯಮ್ಮ.

"ಇನ್ನೂ ಬಿಸಿ ಇದೆ."

"ಅಂದ್ರೆ?"

"ಈಗಷ್ಟೇ... ಒಂದು ಗಂಟೆಯೂ ಆಗಿಲ್ಲ."

ಆಕೆ ಸೆರಗಿನಿಂದ ಮೇಷ್ಟ್ರ ಉಗುರಿನ ಮಣ್ಣು ಒರೆಸಿದರು. ಆಮೇಲೆ ಪಿಸುಗುಟ್ಟಿದರು. "ರಾತ್ರಿಯೆಲ್ಲ ನಿನ್ನ ಕರೆದಿರ್ತಾರೆ ಕಣೋ. ನೀನು ಒಂದು ಸಲ ತಿರುಗಿದ್ರೆ..."

ಇವನ ಕೈಯಲ್ಲಿ ಪೆಟ್ಟಿಗೆ ಇತ್ತು. ಪೆಟ್ಟಿಗೆಯಲ್ಲಿ ಉಸಿರಿನ ಎರಡು ಕೊಳವೆ, ಇಟ್ಟ ಹಾಗೇ ಇದ್ದವು.

ಮಣ್ಣು ಮಾಡಿದ್ದು ಬುಧವಾರ. ಮಾರನೆಯ ದಿನ ಗುರುವಾರ. ಪಾದ್ರಿ ಜ್ವರದಲ್ಲೇ ಎದ್ದು ಬಂದು ಕೂಟ ನಡೆಸಿದರು. ಯಾರೋ ಅಭ್ಯಾಸದಿಂದ ನಾಲ್ಕು ಕುರ್ಚಿ ಹಾಕಿದ್ದರು. ಯಾರೂ ತೆಗೆಯಲಿಲ್ಲ. ಇವನು ರಾತ್ರಿ ಕೇಳಿದ್ದನ್ನೆಲ್ಲ ಹೇಳಿದ. ಪಾದ್ರಿಯ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಬೆಳಕು ಬಂತು.

"ಮಗನೇ, ಅದು ಮೇಷ್ಟ್ರ ಆತ್ಮ. ದೇಹ ಬಿಟ್ಟ ಮೇಲೂ ನಿನ್ನ ಜೊತೆ ನಡೆದು ಧೈರ್ಯ ಕೊಟ್ಟಿದೆ. ಪ್ರಭುವಿಗೆ ಸ್ತೋತ್ರ. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು ನಮಗೆ?"

ಇವನು ನೆಲ ನೋಡುತ್ತ ಕೂತಿದ್ದ. "ದೇಹ ಬಿಟ್ಟಿರಲಿಲ್ಲ, ಪಾದ್ರಿಗಳೇ," ಅಂದ.

"ಏನಂದೆ?"

"ಆಗ ಅವರು ಬದುಕಿದ್ರು. ನಾನು ಕೋಲು ಬಿದ್ದ ಸದ್ದು ಕೇಳಿದಾಗ ಬದುಕಿದ್ರು. ನದಿ ದಾಟುವಾಗ ಬದುಕಿದ್ರು. ನಾನು ಹಾಡಿ ಮುಟ್ಟಿದಾಗಲೂ ಬದುಕಿದ್ರು. ಅಲ್ಲಿ ಮಣ್ಣಲ್ಲಿ ತೆವಳ್ತಾ ಇದ್ರು..." ಅವನ ದನಿ ತೀರ ಸಣ್ಣಗಾಯಿತು. "ಹಾಗಾದ್ರೆ ನನ್ನ ನಡಿ ಅಂದದ್ದು ಯಾರು?"

ಬಿಸಿಲು ಇಳಿದು ತಣ್ಣಗಾಗುತ್ತಿದ್ದ ಚಾವಣಿಯ ತಗಡು ಟಪ್ ಅಂತ ಒಮ್ಮೆ ಸದ್ದು ಮಾಡಿತು. ಆ ಕೂಟದಲ್ಲಿ ಯಾರೂ ಯಾರಿಗೂ ಧೈರ್ಯದ ಮಾತು ಹೇಳಲಿಲ್ಲ. ಮತ್ತೆ ಗುರುವಾರದ ಕೂಟ ಸೇರಲೂ ಇಲ್ಲ. ಎಂಟು ತಿಂಗಳಿಗೆ ಠಾಣೆ ಮುಚ್ಚಿತು. ಪಾದ್ರಿಯಮ್ಮ ಔಷಧಾಲಯದ ಬೀಗದ ಕೈಯನ್ನು ಇವನಿಗೆ ಕೊಟ್ಟು, ಇವನು ಅದನ್ನು ಅವರಿಗೇ ಕೊಟ್ಟು, ಕೊನೆಗೆ ಇಬ್ಬರೂ ಅದನ್ನು ಕಿಟಕಿಯ ಮೇಲೆ ಇಟ್ಟು ಹೋದರು.

ಆಮೇಲೆ ಅವನು ನಮ್ಮ ಬೀದಿಗೇ ಬಂದ. ಔಷಧದ ಅಂಗಡಿಯಲ್ಲಿ ಕೆಲಸ, ಮೇಲೊಂದು ಕೋಣೆ ಬಾಡಿಗೆಗೆ, ಆಮೇಲೆ ಮದುವೆ, ಎರಡು ಬೀದಿ ಆಚೆ ಸಣ್ಣ ಮನೆ. ಅವನು ಹಿಂದಕ್ಕೆ ತಿರುಗುವುದೇ ಇಲ್ಲ ಅಂತ ಬೀದಿಯವರಿಗೆಲ್ಲ ಗೊತ್ತಾಯಿತು. ಹಿಂದಿನಿಂದ ಕರೆದರೆ ಗೂಟದ ಹಾಗೆ ನಿಲ್ಲುತ್ತಾನೆ. ಕರೆದವರು ಸುತ್ತು ಹಾಕಿ ಮುಂದೆ ಬರಬೇಕು. ಹೆಂಡತಿ, "ನಿಮ್ಮ ಜೊತೆ ಜಗಳ ಆಡೋಕೂ ಪ್ರದಕ್ಷಿಣೆ ಹಾಕಬೇಕು," ಅಂತ ರೇಗುತ್ತಾಳೆ. ನಾವೆಲ್ಲ ನಕ್ಕಿದ್ದೇವೆ. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು.

ನಕ್ಕು ಸುಮ್ಮನಿರುವ ಜಾತಿಯವನಲ್ಲ ನಾನು. ನಿಮಗೆ ಗೊತ್ತೇ ಇದೆ.

ಅವನು ನನಗೆ ಇದನ್ನೆಲ್ಲ ಹೇಳಿ ಒಂದು ವಾರ ಆಗಿತ್ತು. ರಾತ್ರಿ ಅಂಗಡಿ ಬಾಗಿಲು ಎಳೆದು ಮನೆಗೆ ಹೊರಟ. ನಾನು ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ಬರಿಗಾಲಲ್ಲಿ ಹಿಂದೆ ಬಿದ್ದೆ. ಮುದುಕರ ದನಿ ಮಾಡಿ ಆ ಮಾತು ಹೇಳುವುದು, ಅವನು ಹೌಹಾರುವುದು, ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದು... ಇಷ್ಟು ನನ್ನ ಲೆಕ್ಕ. ಇಂಥ ಕೆಲಸಕ್ಕೆ ನನಗೆ ಯಾವ ನರಕ ಸಿಗುತ್ತೋ ಗೊತ್ತಿಲ್ಲ. ಹತ್ತು ಹೆಜ್ಜೆ ದೂರಕ್ಕೆ ಬಂದೆ. ಬೀದಿದೀಪ ಇತ್ತು. ಅವನ ಬೆನ್ನು ಸರಿಯಾಗಿ ಕಾಣುತ್ತಿತ್ತು. ನಡುವೆ ಬರೀ ರಸ್ತೆ.

ಬಾಯಿ ತೆರೆದೆ. ಆಣೆ ಮಾಡಿ ಹೇಳುತ್ತೇನೆ, ತೆರೆದೆ ಅಷ್ಟೇ. ಗಂಟಲಿನಿಂದ ಇನ್ನೂ ಗಾಳಿಯೂ ಹೊರಟಿರಲಿಲ್ಲ.

"ನಡಿ. ನಾನಿದ್ದೀನಿ."

ಆ ಹತ್ತು ಹೆಜ್ಜೆಯ ಜಾಗದಿಂದ ಬಂತು. ನನಗಿಂತ ಮುಂದೆ, ಅವನಿಗಿಂತ ಹಿಂದೆ. ಮುದುಕರ ದನಿ ಅಲ್ಲ. ಯುವಕನದೂ ಅಲ್ಲ. ಒಂದು ದಿನವೂ ಉಸಿರು ಕಟ್ಟಿದ್ದು ಗೊತ್ತಿಲ್ಲದವರ ದನಿ. ತುಂಬ ಸಮಾಧಾನದ ದನಿ.

ಅವನು ಬೆಚ್ಚಲಿಲ್ಲ. ಕಾಲು ಎಳೆಯುತ್ತ ನಡೆಯುತ್ತಲೇ, ತಿರುಗದೆ, ದಿನಾ ಆಡುವ ಮಾತಿನ ಹಾಗೆ ಅಂದ:

"ಸಾಕು. ನೀನು ಮೇಷ್ಟ್ರಲ್ಲ ಅಂತ ಗೊತ್ತು. ಬಿಟ್ಟುಬಿಡು ನನ್ನ."

"ನಡಿ," ಅಂದಿತು. "ನಾನಿದ್ದೀನಿ."

ಅವನ ಭುಜ ಒಮ್ಮೆ ಮೇಲೆದ್ದು ಇಳಿಯಿತು. ಅಷ್ಟೇ. ನಡೆದ.

ನಾನು ಓಡಿಹೋದೆ ಅಂತ ಹೇಳಿದರೆ ನಂಬುತ್ತೀರಿ. ಓಡಲಿಲ್ಲ. ರಸ್ತೆಯ ಈಚೆ ಗೋಡೆಗೆ ಒರಗಿ ನಿಂತು ನೋಡಿದೆ. ಅವನು ಮನೆ ಮುಟ್ಟಿದ. ಚಿಲಕ ಟಕ್ಕೆಂದಿತು. ಬಾಗಿಲು ತೆರೆದು ಒಳಗೆ ಹೋದ. ಒಳಗಿನಿಂದ ಬಾಗಿಲನ್ನು ಕೈಯಲ್ಲಿ ಹಿಡಿದುಕೊಂಡು, ತಲೆ ತಗ್ಗಿಸಿ, ಸ್ವಲ್ಪ ಪಕ್ಕಕ್ಕೆ ಸರಿದು ನಿಂತ... ಒಬ್ಬರು ಹೊಸ್ತಿಲು ದಾಟುವಷ್ಟು ಹೊತ್ತು. ಆಮೇಲೆ ಮುಚ್ಚಿದ.

ಇದು ನಡೆದದ್ದು. ಬೆಂಕಿಪೊಟ್ಟಣದ ದೆವ್ವ ಸುಳ್ಳು, ಮದುವೆ ಸುಳ್ಳು, ಆ ಬಾಗಿಲು ಮಾತ್ರ ನಾನು ಕಣ್ಣಾರೆ ಕಂಡದ್ದು. ಈಗ ಏಳೋಣ... ನನ್ನ ಚಹಾದ್ದೂ ನೀವೇ ಕೊಟ್ಟುಬಿಡಿ, ಇವತ್ತು ಜೇಬು ಮನೆಯಲ್ಲೇ ಉಳಿದಿದೆ.